ಬಿ.ಎಡ್. ರೆಕಾರ್ಡಿನಲ್ಲಿ ಬರೆದ ತತ್ವ

‘ನನ್ನ ಶಿಕ್ಷಣ ತತ್ವ’ ಎಂಬ ವಿಷಯದ ಮೇಲೆ ನಾಲ್ಕು ಪುಟ ಬರೆದು ತನ್ನಿ ಎಂದು ಬಿ.ಎಡ್. ಕಾಲೇಜುಗಳಲ್ಲಿ ಹೇಳುತ್ತಾರೆ. ವಿದ್ಯಾರ್ಥಿಗಳು ಬರೆದು ತರುತ್ತಾರೆ ಕೂಡ. ಮಗು ಹೂವು, ಶಿಕ್ಷಕ ತೋಟಗಾರ. ಮಗು ಖಾಲಿ ಪಾತ್ರೆಯಲ್ಲ. ಶಿಕ್ಷಣವೆಂದರೆ ಸರ್ವತೋಮುಖ ಬೆಳವಣಿಗೆ. ರೂಸೋ ಹೀಗೆಂದ, ಗಾಂಧೀಜಿ ಹಾಗೆಂದರು. ಹೆಸರಿನ ಜಾಗವನ್ನು ಮುಚ್ಚಿಟ್ಟರೆ ಯಾರ ಪುಟ ಯಾರದೆಂದು ಗುರುತು ಸಿಗದು. ಎರ್ನಾಕುಳಂನ ಹುಡುಗಿ ಬರೆದದ್ದೂ ಮಂಗಳೂರಿನ ಹುಡುಗ ಬರೆದದ್ದೂ ಒಂದೇ ಅಚ್ಚು. ಬರೆದವರನ್ನು ದೂರಿ ಪ್ರಯೋಜನವಿಲ್ಲ. ಮೂವತ್ತು ಮಕ್ಕಳ ಎದುರು ಒಂದು ವಾರವೂ ನಿಂತಿರದವರನ್ನು ನಿಮ್ಮ ತತ್ವವೇನು ಎಂದು ಕೇಳಿದರೆ, ಪಾಪ, ಗೈಡಿನಿಂದ ತರದೆ ಇನ್ನೆಲ್ಲಿಂದ ತಂದಾರು?

ಈ ಬಗೆಯ ಬರಹಕ್ಕೆ ದಾರಿ ಹಾಕಿಕೊಟ್ಟವನು ಜಾನ್ ಡ್ಯೂಯಿ. 1897ರಲ್ಲಿ ಆತ ತನ್ನ ಶಿಕ್ಷಣ ನಂಬಿಕೆಗಳನ್ನು ಒಂದೊಂದಾಗಿ ಬರೆದು ಪ್ರಕಟಿಸಿದ. ಇಂದಿಗೂ ಎಷ್ಟೋ ಶಿಕ್ಷಕ ತರಬೇತಿ ಕಾಲೇಜುಗಳಲ್ಲಿ ಅದನ್ನು ಮಾದರಿಯಾಗಿ ಓದಿಸುತ್ತಾರೆ. ಆದರೆ ಡ್ಯೂಯಿ ಅದನ್ನು ಬರೆಯುವ ಹೊತ್ತಿಗೆ ಅವನಿಗೆ ಮೂವತ್ತೇಳು ದಾಟಿತ್ತು. ಹಿಂದಿನ ವರ್ಷವಷ್ಟೇ, 1896ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ತನ್ನದೇ ಪ್ರಾಯೋಗಿಕ ಶಾಲೆಯನ್ನು ತೆರೆದು ಮಕ್ಕಳ ಗದ್ದಲದ ನಡುವೆ ಇದ್ದ. ಶಾಲೆ ಮೊದಲು ಬಂತು, ನಂಬಿಕೆ ಆಮೇಲೆ ಕಾಗದಕ್ಕಿಳಿಯಿತು. ನಮ್ಮಲ್ಲಿ ಕ್ರಮ ತಲೆಕೆಳಗಾಗಿದೆ. ಭಾವೀ ಶಿಕ್ಷಕರ ತತ್ವದ ಬಗ್ಗೆ ಕೇರಳದಲ್ಲಿ, ಕರ್ನಾಟಕದಲ್ಲಿ, ಎರಡರ ನಡುವೆ ಸಿಕ್ಕಿಕೊಂಡ ಕಾಸರಗೋಡಿನಲ್ಲಿ ಏನೇನು ನಡೆದಿದೆ ಎಂದು ನೋಡುತ್ತ ಹೋದರೆ ಈ ತಲೆಕೆಳಗಿನ ಕ್ರಮವೇ ಮತ್ತೆ ಮತ್ತೆ ಎದುರಾಗುತ್ತದೆ.

ಇದನ್ನು ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಕೂತು ಬರೆಯುವುದಕ್ಕೆ ಒಂದು ಅನುಕೂಲವಿದೆ. ಇಲ್ಲಿಂದ ಪನ್ವೇಲ್ ತನಕ ಹೋಗುತ್ತಿದ್ದ ಹಳೆಯ ಹದಿನೇಳನೆಯ ಹೆದ್ದಾರಿ, ಈಗಿನ ಅರವತ್ತಾರು, ಕಾಸರಗೋಡು, ಮಂಜೇಶ್ವರ, ಮಂಗಳೂರುಗಳನ್ನು ಹಾಯ್ದೇ ಹೋಗುತ್ತದೆ. ಕಾಸರಗೋಡಿನ ಕನ್ನಡ ಶಾಲೆಯ ಹಣೆಬರಹ ತೀರ್ಮಾನವಾಗುವುದು ಮಾತ್ರ ಈ ರಸ್ತೆಯ ಕೆಳತುದಿಯ ಕಡೆ. ಪಠ್ಯಪುಸ್ತಕ ರೂಪಿಸುವ ಎಸ್‌ಸಿಇಆರ್‌ಟಿ ತಿರುವನಂತಪುರದ ಪೂಜಪ್ಪುರದಲ್ಲಿದೆ. ಶಾಲೆಗಳಿಗೆ ಕಂಪ್ಯೂಟರ್, ತಂತ್ರಾಂಶ, ತರಬೇತಿ ಒದಗಿಸುವ ‘ಕೈಟ್’ ಸಂಸ್ಥೆಯ ಮುಖ್ಯ ಕಚೇರಿಯೂ ಅಲ್ಲೇ. ಅದರ ಪ್ರಾದೇಶಿಕ ಸಂಪನ್ಮೂಲ ಕೇಂದ್ರ ಇದೇ ಎಡಪ್ಪಳ್ಳಿಯಲ್ಲಿ.

ತರಬೇತಿಯ ಚೌಕಟ್ಟನ್ನು ಬೇಗ ಮುಗಿಸಿಬಿಡೋಣ. ಹಣಕ್ಕೆ ಪ್ರಮಾಣಪತ್ರ ಕೊಡುವ ಕಾಲೇಜುಗಳು ನಾಯಿಕೊಡೆಗಳಂತೆ ಎದ್ದಾಗ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗವನ್ನು ನೇಮಿಸಿತು. 2012ರಲ್ಲಿ ಅದರ ವರದಿ ಬಂತು. ಅದರ ಬೆನ್ನಿಗೆ 2014ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) ನಿಯಮಗಳು ಬಂದು 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸಾಯಿತು. ಶಾಲೆಯಲ್ಲಿ ಇಪ್ಪತ್ತು ವಾರ ಕಳೆಯಬೇಕು, ಅದರಲ್ಲಿ ಹದಿನಾರು ಎರಡನೆಯ ವರ್ಷದಲ್ಲಿ. ‘ತನ್ನನ್ನು ತಾನು ಅರಿಯುವುದು’ ಎಂಬ ಅರ್ಥದ ಒಂದು ಪತ್ರಿಕೆಯನ್ನೂ ಸೇರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಆತ್ಮಾವಲೋಕನಕ್ಕೂ ಇಂಟರ್ನಲ್ ಅಂಕ ಇಟ್ಟ ಮೇಲೆ ಅದೂ ರೆಕಾರ್ಡ್ ಪುಸ್ತಕವಾಯಿತು, ಅದಕ್ಕೂ ಕಂದು ಕಾಗದದ ಹೊದಿಕೆ ಬಿತ್ತು.

ಕೇರಳಕ್ಕೆ ತತ್ವದ ಬರ ಎಂದೂ ಇರಲಿಲ್ಲ. ಶಿಕ್ಷಣದ ವೆಚ್ಚವನ್ನು ರಾಜ್ಯವೇ ಹೊರಬೇಕು ಎಂದು ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ ಆಜ್ಞೆ ಹೊರಡಿಸಿದ್ದು 1817ರಲ್ಲಿ. ಆ ಆಜ್ಞೆ ಹೊಲದಲ್ಲಿ ದುಡಿಯುವ ಪುಲಯರ ಮಕ್ಕಳ ತನಕ ಇಳಿಯಲು ತೊಂಬತ್ತು ವರ್ಷವೂ ಸಾಲಲಿಲ್ಲ. ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ಗದ್ದೆಗಿಳಿಯುವುದಿಲ್ಲ ಎಂದು ಪುಲಯರ ನಾಯಕ ಅಯ್ಯಂಕಾಳಿ ಮುಷ್ಕರ ಹೂಡಬೇಕಾಯಿತು. 1910ರಲ್ಲಿ ತಿರುವನಂತಪುರದ ಹತ್ತಿರದ ಊರೂಟ್ಟಂಬಲದ ಶಾಲೆಗೆ ಆತ ಪಂಚಮಿ ಎಂಬ ಹುಡುಗಿಯನ್ನು ಕೈಹಿಡಿದು ಕರೆತಂದಾಗ ಮೇಲ್ಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಸುಟ್ಟು ಉಳಿದ ಒಂದು ಬೆಂಚು ಈಗಲೂ ಅಲ್ಲಿದೆ. 2022ರಲ್ಲಿ ಶಾಲೆಗೆ ಅಯ್ಯಂಕಾಳಿ ಮತ್ತು ಪಂಚಮಿಯ ಹೆಸರನ್ನೇ ಇಟ್ಟರು. ಆ ದಿನ ಅಲ್ಲಿದ್ದ ಮಾಸ್ತರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಈ ಹುಡುಗಿ ಬೆಂಚಿನ ಮೇಲೆ ಕೂರಬಹುದೋ ಕೂಡದೋ. ಅದಕ್ಕೆ ಕೊಟ್ಟ ಉತ್ತರವೇ ಅವರ ಶಿಕ್ಷಣ ತತ್ವವಾಗಿತ್ತು.

ಇನ್ನೊಂದು ನಿದರ್ಶನ ಎಡಪ್ಪಳ್ಳಿಯ ಜಿಲ್ಲೆಯದೇ. 1989ರಲ್ಲಿ ಎರ್ನಾಕುಳಂನಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತೂ ಜಿಲ್ಲಾಡಳಿತವೂ ಸೇರಿ ಸಾಕ್ಷರತಾ ಆಂದೋಲನ ಆರಂಭಿಸಿದವು. ಸುಮಾರು 20 ಸಾವಿರ ಸ್ವಯಂಸೇವಕರು ಪಾಠ ಹೇಳಿದರು. ಹೆಚ್ಚಿನವರು ಯುವಕ ಯುವತಿಯರು, ಬಿ.ಎಡ್. ಮಾಡಿದವರಲ್ಲ. 1990ರ ಫೆಬ್ರುವರಿ 4ರಂದು ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಪ್ರಧಾನಿ ವಿ.ಪಿ. ಸಿಂಗ್ ಘೋಷಿಸಿದರು. ಈ ಕತೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಕನ್ನಡಕದ ಸಂಗತಿ. ಅಕ್ಷರ ಹತ್ತದ ಎಷ್ಟೋ ಅಜ್ಜ ಅಜ್ಜಿಯರಿಗೆ ನಿಜವಾದ ತೊಂದರೆ ಇದ್ದದ್ದು ಕಣ್ಣಿನಲ್ಲಿ. ಅದು ಗೊತ್ತಾದ ಮೇಲೆ ಕಣ್ಣಿನ ತಪಾಸಣಾ ಶಿಬಿರ ನಡೆಸಿ, ಕನ್ನಡಕಗಳನ್ನು ದಾನವಾಗಿ ಸಂಗ್ರಹಿಸಿ ಹಂಚಿದರು. ಕಲಿಯುವವರು ಯಾಕೆ ಕಲಿಯುತ್ತಿಲ್ಲ ಎಂದು ಕಲಿಸುವವರು ಮೊದಲು ವಿಚಾರಿಸಿದರು. ಇದಕ್ಕಿಂತ ದೊಡ್ಡ ಬೋಧನಶಾಸ್ತ್ರವನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂತು. ಕೇರಳದಲ್ಲಿ ಅದು ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ಕಾಸರಗೋಡು ಒಂದು. ಉಳಿದೆರಡು ವಯನಾಡು ಮತ್ತು ಮಲಪ್ಪುರಂ. ಮಗು ಚಟುವಟಿಕೆಯಿಂದ ಕಲಿಯುತ್ತದೆ, ಅರ್ಥದಿಂದ ಅಕ್ಷರಕ್ಕೆ ಬರುತ್ತದೆ ಎಂದು ಮಾಸ್ತರರಿಗೆ ತರಬೇತಿಯ ಮೇಲೆ ತರಬೇತಿ ನಡೆಯಿತು. ಹೆತ್ತವರು ಮಾತ್ರ ಹೌಹಾರಿದರು: ಮಗಳು ಎರಡನೇ ಕ್ಲಾಸಿಗೆ ಬಂದರೂ ಅಕ್ಷರಮಾಲೆ ಬರುವುದಿಲ್ಲವಲ್ಲ! ಎಷ್ಟೋ ಮಾಸ್ತರರು ತರಬೇತಿಯಲ್ಲಿ ತಲೆಯಾಡಿಸಿ ಬಂದು ತರಗತಿಯ ಬಾಗಿಲು ಹಾಕಿಕೊಂಡು ತಮಗೆ ಗೊತ್ತಿದ್ದ ಹಾಗೆ ಅ ಆ ಇ ಈ ಹೇಳಿಸಿದರು. ಆ ಮಾಸ್ತರರನ್ನು ಹಿಂದುಳಿದವರೆಂದು ಬೈಯುವ ಉತ್ಸಾಹ ನನಗಿಲ್ಲ. ಮೇಲಿನಿಂದ ಇಳಿದ ತತ್ವ ಅವರದಾಗಿರಲಿಲ್ಲ. ಅದು ತಮ್ಮ ಮಕ್ಕಳಿಗೆ ಒಗ್ಗುತ್ತದೆ ಎಂಬುದನ್ನು ಅವರು ಕಂಡಿರಲೂ ಇಲ್ಲ.

2007ರ ಕೇರಳ ಪಠ್ಯಕ್ರಮ ಚೌಕಟ್ಟು ಒಂದು ಹೆಜ್ಜೆ ಮುಂದೆ ಹೋಗಿ, ಸಮಾಜದ ಸಮಸ್ಯೆಗಳನ್ನೇ ಪಾಠದ ಕೇಂದ್ರಕ್ಕೆ ತಂದಿತು. ಮರುವರ್ಷ ಏಳನೇ ತರಗತಿಯ ಸಮಾಜವಿಜ್ಞಾನ ಪುಸ್ತಕದಲ್ಲಿ, ಅಂತರ್ಧರ್ಮೀಯ ದಂಪತಿಗಳು ತಮ್ಮ ಮಗನಿಗೆ ಧರ್ಮದ ಕಾಲಂ ಬೇಡವೆನ್ನುವ ಪಾಠವೊಂದು ಬಂದಾಗ ರಾಜ್ಯವೇ ಹೊತ್ತಿಕೊಂಡಿತು. 2008ರ ಜುಲೈಯಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶಿಕ್ಷಕರ ಕ್ಲಸ್ಟರ್ ಸಭೆಯ ಹೊತ್ತಿಗೆ ನಡೆದ ಪ್ರತಿಭಟನೆಯ ಗಲಾಟೆಯಲ್ಲಿ ಮುಖ್ಯೋಪಾಧ್ಯಾಯರೊಬ್ಬರು ಪ್ರಾಣ ಕಳೆದುಕೊಂಡರು. ಆ ಪಾಠ ಬರೆದವರು ತಿರುವನಂತಪುರದಲ್ಲಿದ್ದರು, ಬೀದಿಯಲ್ಲಿ ಸಿಕ್ಕಿದ್ದು ಹಳ್ಳಿಯ ಮಾಸ್ತರರು. ಭಾವೀ ಶಿಕ್ಷಕರಿಗೆ ‘ಸಾಮಾಜಿಕ ಬದಲಾವಣೆಯ ಹರಿಕಾರರಾಗಿ’ ಎಂದು ಬರೆಸುವಾಗ ಈ ಸಂಗತಿಯನ್ನೂ ಹೇಳಬೇಕು.

ಈಗ ಕಾಸರಗೋಡಿಗೆ ಬರೋಣ. ಈ ಪ್ರಶ್ನೆಯ ನಿಜವಾದ ಸಿಕ್ಕು ಇರುವುದು ಅಲ್ಲೇ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದು ಹೇಳಿದಲ್ಲೇ ಉಳಿಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ 1956ರ ತಿದ್ದುಪಡಿಯಲ್ಲೇ ಬಂದದ್ದು. ಕನ್ನಡ ಮಾಧ್ಯಮದ ಎಲ್.ಪಿ., ಯು.ಪಿ. (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಗಳಿಗೆ ಅದರ ಆಧಾರವಿದೆ. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದವರನ್ನು ನೇಮಿಸಿದ ಬಗ್ಗೆ ಮಕ್ಕಳೂ ಹೆತ್ತವರೂ ಎಷ್ಟೋ ಸಲ ಶಾಲೆಯ ಗೇಟಿನ ಮುಂದೆ ಕೂತಿದ್ದಾರೆ. ರಿಷಬ್ ಶೆಟ್ಟಿಯವರು 2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಸಿನಿಮಾದಲ್ಲಿ ಇದನ್ನೇ ನಗುವಿನ ಕತೆ ಮಾಡಿದರು; ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಸಿನಿಮಾದಲ್ಲಿ ಎರಡೂವರೆ ಗಂಟೆಯೊಳಗೆ ಬಗೆಹರಿಯುವುದು ಶಾಲೆಯಲ್ಲಿ ಇಡೀ ವರ್ಷ ಎಳೆಯುತ್ತದೆ.

ಆದರೆ ನಾವು ಕನ್ನಡದವರು ಇಲ್ಲಿ ಸುಲಭವಾಗಿ ಮರೆಯುವ ಇನ್ನೊಂದು ಮಾತಿದೆ. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕದ ಕನ್ನಡ ಮಾಧ್ಯಮದ ಒಂದನೇ ತರಗತಿಯಲ್ಲಿ ಕೂತ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವವರು ಎಷ್ಟು ಮಂದಿ? ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳದರಲ್ಲಿ ಬ್ಯಾರಿ, ಪಕ್ಕದವಳದರಲ್ಲಿ ಕೊಂಕಣಿ, ಹಿಂದಿನ ಬೆಂಚಿನಲ್ಲಿ ಮರಾಟಿ, ಮಲಯಾಳಂ, ಉರ್ದು. ಹವ್ಯಕರ ಮನೆಯ ಮಗುವಿನ ಕನ್ನಡವೂ ಪಠ್ಯಪುಸ್ತಕದ ಕನ್ನಡವೂ ಬೇರೆ ಬೇರೆ. ಬೆಂಗಳೂರಿನಲ್ಲಿ ಕೂತು ಮಾತೃಭಾಷಾ ಶಿಕ್ಷಣವೆಂದು ಹೇಳುವಾಗ ಕನ್ನಡವನ್ನೇ ಎಲ್ಲರ ತಾಯಿನುಡಿ ಎಂದುಕೊಂಡುಬಿಡುತ್ತೇವೆ. ಮಾತೃಭಾಷಾ ಮಾಧ್ಯಮವನ್ನು ಹೆತ್ತವರ ಮೇಲೆ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇಯಲ್ಲಿ ತೀರ್ಪು ಕೊಟ್ಟಾಗ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಕನ್ನಡವೋ ಇಂಗ್ಲಿಷೋ ಎಂಬಷ್ಟರಲ್ಲೇ ಸುತ್ತಿತು. ಕಾಸರಗೋಡಿನ ಟೀಚರ್‌ಗೆ ಈ ಐಷಾರಾಮ ಇಲ್ಲ. ಅವಳ ಮುಂದಿರುವ ಮಗುವಿಗೆ ಕನ್ನಡವೂ ಶಾಲೆಯಲ್ಲೇ ಸಿಗುವ ಭಾಷೆ. ಅದು ಮಗುವಿಗೆ ತನ್ನದೆನಿಸುವಂತೆ ಮಾಡುವ ಹೊಣೆ ಅವಳದು. ಮನೆಯ ಭಾಷೆಯನ್ನು ಗದರಿಸಿ ಹೊರಗಟ್ಟಿದರೆ ಅದು ಆಗುವುದಿಲ್ಲ.

ಕಯ್ಯಾರ ಕಿಞ್ಞಣ್ಣ ರೈಗಳು ನೆನಪಾಗುವುದು ಇಲ್ಲಿ. 1915ರಲ್ಲಿ ಹುಟ್ಟಿ ನೂರು ತುಂಬಿಸಿ 2015ರಲ್ಲಿ ತೀರಿಕೊಂಡ ಅವರನ್ನು ನಾವು ಕವಿಯಾಗಿ, ಕಾಸರಗೋಡು ವಿಲೀನೀಕರಣ ಹೋರಾಟದ ದನಿಯಾಗಿ ನೆನೆಯುತ್ತೇವೆ. ಅವರು ಬದುಕಿಗೆ ಆರಿಸಿಕೊಂಡದ್ದು ಮಾಸ್ತರಿಕೆ ಮತ್ತು ಬೇಸಾಯ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಲಿಸಿದರು. ಕನ್ನಡಕ್ಕಾಗಿ ಅಷ್ಟು ಹೋರಾಡಿದವರು ತುಳುವಿನಲ್ಲೂ ಕವಿತೆ ಬರೆದರು. ಎರಡರ ನಡುವೆ ಅವರಿಗೆ ಜಗಳ ಕಾಣಲಿಲ್ಲ. ಈಗಿನ ಬಿ.ಎಡ್. ಹುಡುಗರು ರೂಸೋನನ್ನು ಓದಲಿ, ಬೇಡವೆಂದವರಾರು. ಆದರೆ ತಮ್ಮೂರಿನ ಈ ಮಾಸ್ತರರ ಆತ್ಮಕಥೆ ‘ದುಡಿತವೇ ನನ್ನ ದೇವರು’ ಅವರ ಓದಿನ ಪಟ್ಟಿಯಲ್ಲಿ ಇರದಿದ್ದರೆ ಅದು ನಾಚಿಕೆಯ ವಿಷಯ.

ಭಾಷೆ ಗೊತ್ತಿರಬೇಕು ಎನ್ನುವುದು ಬರೀ ಅಭಿಮಾನದ ಮಾತಲ್ಲ. ಮಗುವಿನ ತಪ್ಪು ಉತ್ತರ ಅರ್ಥವಾಗಬೇಕಾದರೂ ಭಾಷೆ ಬೇಕು. ‘ನೂರ ಐದು’ ಬರೆ ಎಂದಾಗ ಮಗು 1005 ಎಂದು ಬರೆಯುತ್ತದೆ. ತಪ್ಪು, ನಿಜ. ಆದರೆ ಕೇಳಿಸಿದ್ದನ್ನು ಅದು ನಿಷ್ಠೆಯಿಂದ ಬರೆದಿದೆ: ಮೊದಲು ನೂರು, ಆಮೇಲೆ ಐದು. 42ರಲ್ಲಿ 17 ಕಳೆದು 35 ಎಂದು ಬರೆದ ಮಗುವೂ ಕಣ್ಣುಮುಚ್ಚಿ ಬರೆದದ್ದಲ್ಲ. ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕು ಎಂದು ಯಾರೋ ಹೇಳಿಕೊಟ್ಟದ್ದನ್ನು ಅಂಕಿ ಅಂಕಿಗೂ ಪಾಲಿಸಿದೆ. ಇಂಟು ಹಾಕಿ ಪುಸ್ತಕ ಎಸೆಯುವ ಟೀಚರ್ ಒಂದು ತತ್ವ ನಂಬಿದವಳು. ‘ಹೇಗೆ ಮಾಡಿದೆ ಹೇಳು ಮಗಾ’ ಎಂದು ಕೇಳುವವಳು ಇನ್ನೊಂದು ತತ್ವ ನಂಬಿದವಳು. ರೆಕಾರ್ಡಿನಲ್ಲಿ ಇಬ್ಬರೂ ಮಗು ಹೂವೆಂದೇ ಬರೆದಿರುತ್ತಾರೆ. ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಉತ್ತರ ಹೇಳಿದರೆ ಅದನ್ನು ಕೇಳಿಸಿಕೊಳ್ಳುವ ಕಿವಿಯೂ ಬೇಕು. ಕನ್ನಡವೂ ತಿಳಿಯದ, ಮನೆಯ ಭಾಷೆಯೂ ತಿಳಿಯದ ಟೀಚರ್ ಎಷ್ಟೇ ಒಳ್ಳೆಯವಳಾದರೂ ಇಂಟು ಹಾಕುವುದನ್ನು ಬಿಟ್ಟು ಬೇರೇನೂ ಮಾಡಲಾರಳು. ನೇಮಕಾತಿಯ ಜಗಳ ಮೂಲತಃ ಶಿಕ್ಷಣ ತತ್ವದ ಜಗಳ ಎಂದು ನಾನು ಹೇಳುವುದು ಇದಕ್ಕೆ.

ಕರ್ನಾಟಕದಲ್ಲಿ ಮಾಸ್ತರರೇ ತತ್ವ ಕಟ್ಟಿದ ಅಪರೂಪದ ಒಂದು ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಬಹುವರ್ಗ ಕೊಠಡಿಗಳಿಗೆ ಹೊಂದುವಂತೆ ‘ನಲಿ ಕಲಿ’ ರೂಪಿಸಿದರು. ಕಲಿಕೆಯ ಏಣಿ, ಕಾರ್ಡುಗಳು, ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳು, ಅವರು ಬರೆದದ್ದನ್ನು ತೂಗುಹಾಕುವ ಚಪ್ಪರ. ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡವನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾನೆ. ಮಾಸ್ತರರು ತಾವು ಕಂಡ ಕಷ್ಟದಿಂದ ಹುಟ್ಟಿಸಿದ್ದು ಅದು, ಹಾಗಾಗಿ ಹೆಗ್ಗಡದೇವನಕೋಟೆಯಲ್ಲಿ ನಡೆಯಿತು. 2009ರಲ್ಲಿ ರಾಜ್ಯದ ಸರ್ಕಾರಿ ಕಿರಿಯ ತರಗತಿಗಳಿಗೆಲ್ಲ ಅದನ್ನು ವಿಸ್ತರಿಸಿದಾಗ ಉಳಿದ ಜಿಲ್ಲೆಗಳ ಮಾಸ್ತರರಿಗೆ ತಲುಪಿದ್ದು ಸುತ್ತೋಲೆ ಮತ್ತು ಕಾರ್ಡಿನ ಪೆಟ್ಟಿಗೆ. ಪೆಟ್ಟಿಗೆ ಎಷ್ಟೋ ಕಡೆ ಪೆಟ್ಟಿಗೆಯಾಗಿಯೇ ಉಳಿಯಿತು. ಇದಕ್ಕೂ ಮುಂಚೆ 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲಿಷಿನವರು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಶಾಲೆ ಕಟ್ಟಿ, ಪರೀಕ್ಷೆಯಿಲ್ಲದೆ, ವಯಸ್ಸಿನ ವಿಂಗಡಣೆಯಿಲ್ಲದೆ ಹಳ್ಳಿಯ ಮಕ್ಕಳಿಗೆ ಕಲಿಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರ ಪ್ರಯೋಗಗಳು ಇನ್ನೂ ಹಳೆಯವು. ಇವರಾರೂ ಮೊದಲು ಪ್ರಬಂಧ ಬರೆದು ಆಮೇಲೆ ಶಾಲೆಗೆ ಹೋದವರಲ್ಲ.

ಯಂತ್ರದ ಮಾತು ಬಿಡುವಂತಿಲ್ಲ, ಎಡಪ್ಪಳ್ಳಿಯಲ್ಲಿದ್ದುಕೊಂಡು ಬಿಟ್ಟರೆ ನಗೆಪಾಟಲು. 2001ರಲ್ಲಿ ‘ಐಟಿ@ಸ್ಕೂಲ್’ ಆಗಿ ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ಕಂಪನಿಯಾದ ಈ ವ್ಯವಸ್ಥೆ ಕೇರಳದ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಗ್ಗಿಸಿದ್ದು ದೊಡ್ಡ ಕೆಲಸ. ಕೊರೊನಾ ಕಾಲದಲ್ಲಿ, 2020ರ ಜೂನ್ 1ರಿಂದ, ಕೈಟ್‌ನ ವಿಕ್ಟರ್ಸ್ ಟಿವಿ ಚಾನೆಲ್ಲಿನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಬಂದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಬೇರೆಯಾಗಿ ಪಾಠ ಮಾಡಿದರು. 2024ರ ಮೇ ತಿಂಗಳಿಂದ 80 ಸಾವಿರ ಶಿಕ್ಷಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ಶುರುವಾಯಿತು. ಪಾಠಯೋಜನೆಯನ್ನು ಈಗ ಯಂತ್ರ ಕ್ಷಣದಲ್ಲಿ ಬರೆದುಕೊಡುತ್ತದೆ. ‘ನನ್ನ ಶಿಕ್ಷಣ ತತ್ವ’ವನ್ನೂ ಬರೆದುಕೊಡುತ್ತದೆ, ರೂಸೋ ಗಾಂಧೀಜಿ ಸಮೇತ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ ಆಯಿತು. ಯಂತ್ರ ಬರೆಯಬಲ್ಲದ್ದನ್ನು ವಿದ್ಯಾರ್ಥಿಯಿಂದ ಬರೆಸಿ ಅಂಕ ಕೊಡುವುದು ಎಷ್ಟು ಪೊಳ್ಳೆಂದು ಈಗಲಾದರೂ ಕಾಲೇಜುಗಳಿಗೆ ಗೊತ್ತಾಗಬೇಕು.

ನೌಕರಿಯ ಕಡೆಯಿಂದ ಬರುವ ಒತ್ತಡವನ್ನು ಬೋಧನಶಾಸ್ತ್ರದ ಪುಸ್ತಕಗಳು ಎತ್ತುವುದೇ ಇಲ್ಲ. ಕೇರಳದ ಅನುದಾನಿತ ಶಾಲೆಯಲ್ಲಿ ಸಂಬಳ ಸರ್ಕಾರದ್ದು, ನೇಮಕ ಮ್ಯಾನೇಜರರದ್ದು. 1957ರಲ್ಲಿ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ತಂದ ಶಿಕ್ಷಣ ಮಸೂದೆ ಇದನ್ನು ಮುಟ್ಟಹೋಗಿಯೇ ರಾಜ್ಯ ಸರ್ಕಾರದ ವಿರುದ್ಧದ ‘ವಿಮೋಚನಾ ಸಮರ’ದ ಕಿಡಿಯಾಯಿತು, 1959ರಲ್ಲಿ ಆ ಸರ್ಕಾರವೇ ವಜಾ ಆಯಿತು. ಮಕ್ಕಳ ಸಂಖ್ಯೆ ಇಳಿದರೆ ‘ಡಿವಿಷನ್ ಫಾಲ್’, ಹುದ್ದೆಯೇ ಹೋಗುತ್ತದೆ. ಆದ್ದರಿಂದ ಬೇಸಗೆ ರಜೆಯಲ್ಲಿ ಟೀಚರ್‌ಗಳು ಮನೆಮನೆ ತಿರುಗಿ ಮಕ್ಕಳನ್ನು ಹುಡುಕುತ್ತಾರೆ. ಕನ್ನಡ ಮಾಧ್ಯಮದಲ್ಲಿ ಈ ತಿರುಗಾಟ ಇನ್ನೂ ಕಷ್ಟದ್ದು. ಇಂಗ್ಲಿಷ್ ಮಾಧ್ಯಮದ ಬಸ್ಸು ಅದೇ ಓಣಿಯಲ್ಲಿ ಹಾರ್ನ್ ಹೊಡೆಯುತ್ತಿರುತ್ತದೆ. ಜಗಲಿಯಲ್ಲಿ ಕೂತ ತಾಯಿ ‘ಕನ್ನಡ ಕಲಿತು ಮುಂದೆಂತ ಮಾಡುದು ಟೀಚರೇ?’ ಎಂದು ಕೇಳುತ್ತಾಳೆ. ಅವಳಿಗೆ ಕೊಡುವ ಉತ್ತರವನ್ನು ಸಿದ್ಧಮಾಡಿಕೊಳ್ಳದ ಭಾವೀ ಶಿಕ್ಷಕಿಗೆ ಡ್ಯೂಯಿ ಏನೂ ಸಹಾಯ ಮಾಡಲಾರ.

ಅಂಕದ ಪ್ರಶ್ನೆಯೂ ಹಾಗೆಯೇ. 2024ರಲ್ಲಿ ಕೇರಳದ ಎಸ್‌ಎಸ್‌ಎಲ್‌ಸಿ ಫಲಿತಾಂಶ 99.69 ಶೇಕಡ. ಅದೇ ವರ್ಷ ಸರ್ಕಾರ ಎಂಟನೇ ತರಗತಿಯಿಂದ ಆರಂಭಿಸಿ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ 30 ಶೇಕಡ ಅಂಕ ಕಡ್ಡಾಯ ಮಾಡಿತು. ಕಡಿಮೆಯಾದವರಿಗೆ ರಜೆಯಲ್ಲಿ ವಿಶೇಷ ತರಗತಿ. ಎಲ್ಲರನ್ನೂ ದಾಟಿಸುವುದು ದಯೆಯೋ ಮೋಸವೋ ಎಂದು ಅಲ್ಲಿ ಪರ ವಿರೋಧ ಬಿಸಿಯಾಗಿ ನಡೆಯಿತು. ಕನಿಷ್ಠ ಅಂಕದ ಪರವಾಗಿ ಒಂದು ಮಾತನ್ನಷ್ಟೇ ನಾನು ಒಪ್ಪುತ್ತೇನೆ: ಓದಲು ಬಾರದ ಮಗುವನ್ನು ಓದಲು ಬರುತ್ತದೆಂದು ಬರೆದು ಕಳಿಸಬಾರದು. ಆದರೆ ಆ ವಿಶೇಷ ತರಗತಿಯಲ್ಲಿ ಅದೇ ಪಾಠವನ್ನು ಅದೇ ರೀತಿ ಜೋರು ದನಿಯಲ್ಲಿ ಮತ್ತೆ ಹೇಳಿದರೆ ಏನೂ ಆಗುವುದಿಲ್ಲ. ಮಗು ಎಲ್ಲಿ ಎಡವಿತು ಎಂದು ಕೇಳಬೇಕು, ಕನ್ನಡಕ ಹಂಚಿದವರು ಕೇಳಿದ ಹಾಗೆ.

ಇಷ್ಟೆಲ್ಲ ಸುತ್ತಿದ ಮೇಲೆ ನನ್ನ ಸಲಹೆ ಸಣ್ಣದು. ‘ನನ್ನ ಶಿಕ್ಷಣ ತತ್ವ’ ಎಂಬ ಪುಟಗಳನ್ನು ಮೊದಲ ಸೆಮಿಸ್ಟರಿನಿಂದ ತೆಗೆದು ಹದಿನಾರು ವಾರದ ಶಾಲಾವಾಸ ಮುಗಿದ ಮೇಲೆ ಬರೆಸಬೇಕು. ಅದರಲ್ಲಿ ಯಾವ ಮಹಾಪುರುಷರ ಹೆಸರೂ ಇರಕೂಡದು. ಮಕ್ಕಳು ಬರೆದ ಹತ್ತು ತಪ್ಪು ಉತ್ತರ, ಪ್ರತಿಯೊಂದಕ್ಕೂ ಮಗು ಹೇಳಿದ ಕಾರಣ, ಆಮೇಲೆ ತಾನು ಏನು ಮಾಡಿದೆ ಎಂಬ ನಾಲ್ಕು ಸಾಲು, ಅಷ್ಟು ಸಾಕು. ಕಾಸರಗೋಡಿನ ಮಾಯಿಪ್ಪಾಡಿಯಲ್ಲಿರುವ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ (ಡಯಟ್) ಕನ್ನಡದಲ್ಲಿ ತರಬೇತಿ ಪಡೆಯುವವರಾದರೆ ಮಗು ಆ ಕಾರಣವನ್ನು ಯಾವ ಭಾಷೆಯಲ್ಲಿ ಹೇಳಿತು ಎಂದೂ ಬರೆಯಲಿ. ಇದಕ್ಕೆ ಅಡ್ಡಿ ಬರುವುದು ವಿದ್ಯಾರ್ಥಿಗಳಿಂದಲ್ಲ. ಇಂಥ ಪುಟಗಳನ್ನು ಓದಿ ಅಂಕ ಕೊಡಬೇಕಾದ ಅಧ್ಯಾಪಕರಲ್ಲಿ ಎಷ್ಟೋ ಮಂದಿ ಒಂದನೇ ತರಗತಿಗೆ ಒಂದು ದಿನವೂ ಪಾಠ ಮಾಡಿದವರಲ್ಲ, ಎಂ.ಎಡ್. ಮುಗಿಸಿ ನೇರ ಕಾಲೇಜಿಗೆ ಬಂದವರು. ರೂಸೋ ಬಗ್ಗೆ ಬರೆದದ್ದಕ್ಕೆ ಎಷ್ಟು ಅಂಕ ಕೊಡಬೇಕೆಂದು ಅವರಿಗೆ ಗೊತ್ತು. 1005 ಎಂದು ಬರೆದ ಮಗುವಿನ ಬಗ್ಗೆ ಬರೆದದ್ದಕ್ಕೆ ಅಂಕ ಕೊಡಬೇಕಾದರೆ ಅವರನ್ನೂ ವರ್ಷಕ್ಕೊಂದು ತಿಂಗಳಾದರೂ ಎಲ್.ಪಿ. ಶಾಲೆಗೆ ಕಳಿಸಬೇಕಾಗುತ್ತದೆ, ಅದಕ್ಕೆ ಯಾವ ವಿಶ್ವವಿದ್ಯಾಲಯ ರಜೆ ಮಂಜೂರು ಮಾಡುತ್ತದೆ ನೋಡಬೇಕು.